ನೆರೆಯ ಹೊತ್ತಿನಲ್ಲಿ ಒಡವೆಯ ವಿಚಾರ

‘ಒಡವೆ’ ಎಂಬ ಮಾತಿಗೆ ಇಂದಿನ ಬಳಕೆಯಲ್ಲಿ ಆಭರಣವೆಂಬುದೇ ಮುಖ್ಯಾರ್ಥ. ಹಳೆಯ ಕನ್ನಡದಲ್ಲಾದರೋ ಅದರ ವ್ಯಾಪ್ತಿ ಹಿರಿದು; ಒಬ್ಬನು ತನ್ನದೆಂದು ಹೊಂದಿದ ಸೊತ್ತೆಲ್ಲವೂ ಒಡವೆಯೇ. ಮನೆಗೆ ನೀರು ನುಗ್ಗುವಾಗ ಜನರ ಕೈ ಮೊದಲು ಹೋಗುವುದು ಕಿರಿದಾದ ಅರ್ಥದ ಒಡವೆಗೆ. ಅದು ಸರಿಯೇ ಎಂಬುದನ್ನು ವಿಚಾರಿಸಬೇಕಾಗಿದೆ.

2005ನೆಯ ಇಸವಿಯ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳ ಅವಧಿಯಲ್ಲಿ 944 ಮಿಲಿಮೀಟರು ಮಳೆ ದಾಖಲಾಯಿತು. ಸಮುದ್ರದ ಉಬ್ಬರವೂ ಕೂಡಿಬಂದು ಮೀಠಿ ನದಿ ದಡ ಮೀರಿತು; ಕುರ್ಲಾ, ಕಲೀನಾ ಮೊದಲಾದ ತಗ್ಗಿನ ಭಾಗಗಳಲ್ಲಿ ನೆಲಮಹಡಿಯ ಮನೆಗಳು ಜಲಾವೃತವಾದವು. ಅಂಥ ಹೊತ್ತಿನಲ್ಲಿ ವಿವೇಚನೆಗೆ ಎಡೆಯಿರುವುದಿಲ್ಲ. ಆದುದರಿಂದ ಸೊತ್ತುಗಳ ತರತಮವನ್ನು ಮಳೆಗಾಲಕ್ಕೆ ಮುನ್ನವೇ ನಿರ್ಣಯಿಸಿಕೊಂಡಿರತಕ್ಕದ್ದು. ಇದಕ್ಕೆ ಬೆಲೆಯು ಅಳತೆಗೋಲಾಗಲಾರದು. ಕಳೆದುದು ಮರಳಿ ದೊರೆಯುವುದೇ, ದೊರೆಯುವುದಾದರೆ ಎಲ್ಲಿಂದ ಎಂಬುದೇ ಸರಿಯಾದ ಅಳತೆ. ಈ ದೃಷ್ಟಿಯಿಂದ ಗೃಹಸ್ಥನ ಸೊತ್ತು ಮೂರು ತೆರನಾಗುತ್ತದೆ.

ಮೊದಲನೆಯದು, ಹಣ ತೆತ್ತರೆ ಮತ್ತೆ ಸಿಕ್ಕುವಂಥದು: ಪಾತ್ರೆಪಡಗ, ಬಟ್ಟೆಬರೆ, ಯಂತ್ರೋಪಕರಣಗಳು. ಚಿನ್ನವೂ ಈ ವರ್ಗದ್ದೇ. ಅದು ಕೊಚ್ಚಿಹೋಗಬಹುದು, ಆದರೆ ನೀರಿನಿಂದ ಕೆಡದು. ತೊಯ್ದು ಹರಿದ ನೋಟುಗಳನ್ನು ಸಹ ರಿಸರ್ವ್ ಬ್ಯಾಂಕಿನ 2009ರ ನಿಯಮಗಳಂತೆ, ಉಳಿದ ಭಾಗವೆಷ್ಟೆಂಬುದನ್ನು ನೋಡಿ, ಬ್ಯಾಂಕುಗಳು ಬದಲಾಯಿಸಿಕೊಡುತ್ತವೆ.

ಎರಡನೆಯದು ದಸ್ತಾವೇಜುಗಳು. ಇವುಗಳಲ್ಲಿ ಹೆಚ್ಚಿನವು ಹಕ್ಕಿಗೆ ಸಾಕ್ಷಿಗಳೇ ಹೊರತು ಹಕ್ಕೇ ಅಲ್ಲ. ನೋಂದಣಿಯಾದ ಕ್ರಯಪತ್ರದ ನಕಲು 1908ರ ನೋಂದಣಿ ಕಾಯಿದೆಯ ಮೇರೆಗೆ ಸರಕಾರಿ ಕಚೇರಿಯಲ್ಲಿರುತ್ತದೆ. ಅದರ ದೃಢೀಕೃತ ಪ್ರತಿಯನ್ನು ಪಡೆಯಬಹುದು. ಠೇವಣಿಯ ರಸೀದಿ ನಾಶವಾದರೂ ಬ್ಯಾಂಕಿನ ಲೆಕ್ಕದಲ್ಲಿ ಠೇವಣಿ ಉಳಿದೇ ಇರುತ್ತದೆ. ಇಲ್ಲಿ ಉಳಿಸಿಕೊಳ್ಳಬೇಕಾದುದು ಸಂಖ್ಯೆ, ತಾರೀಖು, ಕಚೇರಿ ಇವುಗಳ ಪಟ್ಟಿ. ಅದರ ಒಂದು ಪ್ರತಿ ಬೇರೆ ಊರಿನ ಬಂಧುವಿನ ಬಳಿ ಇರುವುದು ಲೇಸು. ಬ್ಯಾಂಕಿನ ಲಾಕರಿನಲ್ಲಿಟ್ಟರೆ ಚಿಂತೆಯಿಲ್ಲವೆಂಬ ಭಾವನೆಯೂ ಪೂರ್ತಿ ನಿಜವಲ್ಲ. ಪ್ರಕೃತಿವಿಕೋಪದಿಂದ ಲಾಕರಿನ ವಸ್ತುಗಳಿಗಾಗುವ ಹಾನಿಗೆ ಬ್ಯಾಂಕು ಹೊಣೆಯಲ್ಲವೆಂದು ರಿಸರ್ವ್ ಬ್ಯಾಂಕಿನ 2021ರ ನಿರ್ದೇಶಗಳು ತಿಳಿಸುತ್ತವೆ.

ಮೂರನೆಯದು, ಬೇರೆಲ್ಲಿಯೂ ಪ್ರತಿಯಿಲ್ಲದುದು. ನೋಂದಣಿಯಾಗದ ಉಯಿಲು ಇಲ್ಲಿಗೆ ಸೇರುತ್ತದೆ. ಮೂಲಪತ್ರ ಹೋದರೆ ಮೃತನ ಇಚ್ಛೆಯನ್ನು ಸಿದ್ಧಪಡಿಸುವುದು ಬಹು ಕಷ್ಟ. ಹಿರಿಯರ ಕಾಗದಗಳು, ಭಾವಚಿತ್ರಗಳು, ಕೈಬರಹದ ಲೆಕ್ಕದ ಪುಸ್ತಕಗಳು, ಓಲೆಗರಿಗಳು ಇದೇ ವರ್ಗದವು. ಪೇಟೆಯಲ್ಲಿ ಇವುಗಳಿಗೆ ಬೆಲೆಯಿಲ್ಲ. ಆದುದರಿಂದಲೇ ಇವು ಅಟ್ಟದ ಮೇಲಲ್ಲದೆ ಮಂಚದ ಕೆಳಗಿನ ಟ್ರಂಕಿನಲ್ಲಿದ್ದು ಎಲ್ಲಕ್ಕಿಂತ ಮೊದಲು ತೊಯ್ಯುತ್ತವೆ. ಕೌಟಿಲ್ಯನ ‘ಅರ್ಥಶಾಸ್ತ್ರ’ ಲೋಕಕ್ಕೆ ದೊರೆತುದು ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದ ಓಲೆಯ ಪ್ರತಿಯಿಂದ, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಮುಂಬಯಿಗೆ ಬಂದು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಕಲಿತ ಕನ್ನಡಿಗರ ಚರಿತ್ರೆಗೂ ಆಧಾರ ಬಹುಮಟ್ಟಿಗೆ ಮನೆಮನೆಯ ಕಾಗದಗಳೇ. ಅವು ಕರಗಿದರೆ ಆ ಚರಿತ್ರೆಯನ್ನು ಬರೆಯುವವರಿಗೆ ಉಳಿಯುವುದು ಊಹೆ ಮಾತ್ರ.

ಇಂಥವನ್ನು ಎತ್ತರದಲ್ಲಿ, ನೀರು ಹೋಗದ ಚೀಲದಲ್ಲಿರಿಸಿ, ಬೇಸಿಗೆಯಲ್ಲಿಯೇ ಛಾಯಾಪ್ರತಿ ತೆಗೆಸಿ ಇನ್ನೊಂದೆಡೆ ಇಡತಕ್ಕದ್ದು. ತೊಯ್ದ ಕಾಗದಕ್ಕೆ ಎರಡು ದಿನಗಳಲ್ಲಿ ಬೂಷ್ಟು ಹಿಡಿಯಬಹುದು. ಅಂಟಿದ ಹಾಳೆಗಳನ್ನು ಬಲವಂತದಿಂದ ಬಿಡಿಸದೆ, ಬಿಸಿಲಿಗೊಡ್ಡದೆ, ನೆರಳಿನಲ್ಲಿ ಗಾಳಿಗಿಡಬೇಕು.

ಇವೆಲ್ಲಕ್ಕೂ ಮೇಲಾದುದು ಜೀವ. ಮೊದಲೇ ಪ್ರತಿ ಮಾಡಿಸಿ ಬೇರೆಡೆ ಇರಿಸಿದವನಿಗೆ ಟ್ರಂಕಿಗಾಗಿ ಏರುವ ನೀರಿನೊಳಕ್ಕೆ ಮರಳುವ ಕಾರಣವಿರುವುದಿಲ್ಲ. ಮುಂದಾಲೋಚನೆಯ ಪರಮಪ್ರಯೋಜನವು ಇದೇ ಆಗಿದೆ.