ಪಿನ್‌ಬಾಲ್ ಯಂತ್ರವನ್ನು ಬಾಡಿಗೆಗೆ ತರಬಹುದೇ?

ಮಾನ್ವಿಯ ಸುತ್ತಿನ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಭತ್ತವು ಮಾಗಿತೆಂದರೆ ಕೊಯ್ಲಿನ ಯಂತ್ರಗಳು ಬಾಡಿಗೆಗೆ ಬಂದಿಳಿಯುತ್ತವೆ. ವರ್ಷದಲ್ಲಿ ಕೆಲವೇ ದಿನಗಳ ಕೆಲಸಕ್ಕಾಗಿ ಅಷ್ಟು ಬೆಲೆಯ ಯಂತ್ರವನ್ನು ಕೊಂಡು ನಿಲ್ಲಿಸಿಕೊಳ್ಳುವ ರೈತರು ವಿರಳ. ದುಡಿಯುವ ಯಂತ್ರದ ಬಾಡಿಗೆಯ ಲೆಕ್ಕವನ್ನು ನಾವು ಬಲ್ಲೆವು. ಆಡುವ ಯಂತ್ರದ ಲೆಕ್ಕವು ಹೇಗೆ? ಅಮೆರಿಕದಲ್ಲಿ ಪಿನ್‌ಬಾಲ್ ಯಂತ್ರವನ್ನು ಬಾಡಿಗೆಗೆ ಮನೆಗೆ ತರಿಸುವ ರೂಢಿಯುಂಟು. ರಾಯಚೂರಿನ ಮನೆಯೊಂದರಲ್ಲಿ ಅದೇ ಆಸೆಯು ಹುಟ್ಟಿದರೆ, ಹಣ ಕೊಡುವ ಹಿರಿಯರೂ ಆಡುವ ಮಕ್ಕಳೂ ಒಪ್ಪುವ ಉತ್ತರವು ಯಾವುದೆಂಬುದನ್ನು ಪರಿಶೀಲಿಸೋಣ.

ಈ ಆಟದ ಮೂಲವು 18ನೆಯ ಶತಮಾನದ ಫ್ರಾನ್ಸಿನ ಬಗಾಟೆಲ್ ಎಂಬ ಮೊಳೆಹಲಗೆಯ ಆಟ. 1871ರಲ್ಲಿ ಅಮೆರಿಕದಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬಾತನು ಗುಂಡನ್ನು ಸ್ಪ್ರಿಂಗಿನಿಂದ ಚಿಮ್ಮಿಸುವ ಏರ್ಪಾಡಿಗೆ ಪೇಟೆಂಟು ಪಡೆದನು. 1931ರ 'ಬ್ಯಾಫಲ್ ಬಾಲ್' ಯಂತ್ರದಲ್ಲಿಯೂ ಒಮ್ಮೆ ಗುಂಡನ್ನು ಹೊಡೆದ ಮೇಲೆ ಆಟಗಾರನಿಗೆ ನೋಡುತ್ತ ನಿಲ್ಲುವುದಲ್ಲದೆ ಹೆಚ್ಚಿನ ಕೆಲಸವಿರಲಿಲ್ಲ. 1947ರ 'ಹಂಪ್ಟಿ ಡಂಪ್ಟಿ'ಯಲ್ಲಿ ಫ್ಲಿಪರ್ ಎಂಬ ಪುಟ್ಟ ಬಡಿಗೆಗಳು ಆರು ಸೇರಿದವು. ಅದೃಷ್ಟದ ಆಟಕ್ಕೆ ಕೈಚಳಕವು ಕೂಡಿತು. ಈ ಆಟವು ಜೂಜೆಂದು ನ್ಯೂಯಾರ್ಕ್ ನಗರವು 1942ರಲ್ಲಿ ಹಾಕಿದ ನಿಷೇಧವು 1976ರಲ್ಲಿ ತೆರವಾಯಿತು. ಹಿರಿಯರ ಸಂದೇಹವು ನಮ್ಮ ಊರಿನದು ಮಾತ್ರವಲ್ಲವೆಂಬುದು ಇದರಿಂದ ತಿಳಿಯುವುದು.

ಯಂತ್ರದ ಹಲಗೆಯು ಸುಮಾರು 1 ಮೀಟರು ಉದ್ದ; ಅದರ ಇಳಿಜಾರು ಸಾಧಾರಣವಾಗಿ 6.5 ಡಿಗ್ರಿ. ಅಂದರೆ ಮೇಲಿನ ಅಂಚು ಕೆಳಗಿನದಕ್ಕಿಂತ ಸುಮಾರು 11 ಸೆಂಟಿಮೀಟರು ಎತ್ತರ. ಇಷ್ಟೇ ಏಕೆ? 1 ಮೀಟರು ಎತ್ತರದಿಂದ ನೇರವಾಗಿ ಬಿದ್ದ ಗುಂಡು 0.45 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಈ ಇಳಿಜಾರಿನಲ್ಲಿ ಗುರುತ್ವದ ಸ್ವಲ್ಪ ಭಾಗ ಮಾತ್ರವೇ ಗುಂಡನ್ನು ಎಳೆಯುತ್ತದೆ. ಅದರಲ್ಲಿಯೂ ಏಳರಲ್ಲಿ ಎರಡು ಪಾಲು ಗುಂಡನ್ನು ಉರುಳಿಸುವುದಕ್ಕೇ ವೆಚ್ಚವಾಗುತ್ತದೆ. ಆದುದರಿಂದ ಅದೇ 1 ಮೀಟರಿಗೆ ಸುಮಾರು 1.6 ಸೆಕೆಂಡು ಹಿಡಿಯುತ್ತದೆ. ಕಣ್ಣು ಕಂಡುದಕ್ಕೆ ಕೈ ಸ್ಪಂದಿಸಲು 0.2 ಸೆಕೆಂಡಿನಷ್ಟು ಬೇಕು. ಇಳಿಜಾರು ನಮಗೆ ಕೊಡುವುದು ಯೋಚಿಸುವ ಅವಕಾಶವನ್ನು. ಬೀಳುವ ವಸ್ತುವಿನ ವೇಗವನ್ನು ಅಳೆಯಲು ಗೆಲಿಲಿಯೋ ಹಲಗೆಯನ್ನು ಓರೆಯಾಗಿಟ್ಟುದು ಇದೇ ಕಾರಣಕ್ಕಾಗಿ.

ಫ್ಲಿಪರಿನ ಒಳಗೂ ಒಂದು ಪಾಠವಿದೆ. ಅದರ ವಿದ್ಯುತ್ ಸುರುಳಿಯಲ್ಲಿ ಎರಡು ಸುತ್ತುಗಳು. ಗುಂಡಿಯನ್ನೊತ್ತಿದೊಡನೆ ದಪ್ಪ ತಂತಿಯ ಸುತ್ತಿನಲ್ಲಿ ಪ್ರಬಲ ಪ್ರವಾಹವು ಹರಿದು ಬಡಿಗೆಯನ್ನು ಎಸೆಯುತ್ತದೆ. ಬಡಿಗೆಯು ತುದಿಗೆ ಬಂದಾಗ ಸ್ವಿಚ್ಚೊಂದು ತೆರೆದು, ತೆಳು ತಂತಿಯ ಸುತ್ತು ಅಲ್ಪ ಪ್ರವಾಹದಿಂದ ಅದನ್ನು ಹಿಡಿದು ನಿಲ್ಲಿಸುತ್ತದೆ. ಹಳೆಯ ಯಂತ್ರಗಳಲ್ಲಿ ಆ ಸ್ವಿಚ್ಚು ಕೆಟ್ಟು ತೆರೆಯದೆ ಹೋದರೆ ಸುರುಳಿಯು ಸುಟ್ಟುಹೋಗಬಹುದು. ಇಂಥ ಸ್ವಿಚ್ಚುಗಳೂ ರಬ್ಬರಿನ ಉಂಗುರಗಳೂ ಯಂತ್ರದಲ್ಲಿ ಹಲವಾರು. 40 ಡಿಗ್ರಿ ಮೀರುವ ರಾಯಚೂರಿನ ಬೇಸಗೆಯೂ ಎರೆಮಣ್ಣಿನ ಧೂಳೂ ಅವುಗಳಿಗೆ ಹಿತವಲ್ಲ. ದುರಸ್ತಿಯ ಹೊಣೆಯು ಯಜಮಾನನದು ಎಂಬುದೇ ಬಾಡಿಗೆಯ ನಿಜವಾದ ಲಾಭವೆಂದು ನಮ್ಮ ಅಭಿಪ್ರಾಯ. ಆದರೆ ಯಜಮಾನನು ಇರುವುದು ಹೈದರಾಬಾದಿನಲ್ಲಿಯೋ 400 ಕಿಲೋಮೀಟರು ದೂರದ ಬೆಂಗಳೂರಿನಲ್ಲಿಯೋ ಆದರೆ, ಆ ಲಾಭವು ಕಾಗದದ ಮೇಲಿನದಾಗಿಯೇ ಉಳಿದೀತು. 100 ಕಿಲೋಗ್ರಾಮಿಗೂ ಮೀರಿದ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹೇರಿ ಕಳುಹಿಸುವಂತಿಲ್ಲವಷ್ಟೆ!

ಇನ್ನು ಹಣದ ಮಾತು. ಸಾಗಾಣಿಕೆಗೆ ಹೋಗಿ ಬರುವಲ್ಲಿ 20,000 ರೂಪಾಯಿ, ವಾರದ ಬಾಡಿಗೆ 3,500 ರೂಪಾಯಿ ಎಂದು ಹಿಡಿಯೋಣ. ಇವು ಯಾವ ಅಂಗಡಿಯ ದರವೂ ಅಲ್ಲ, ಲೆಕ್ಕಕ್ಕೆ ಇಟ್ಟುಕೊಂಡವು. ವಾಚಕರು ತಮಗೆ ದೊರೆತ ದರವನ್ನು ಹಾಕಿಕೊಳ್ಳಲಿ. ಹೊಸ ಆಟದ ಹುರುಪು ಇಳಿಯುತ್ತ ಹೋಗುವುದು ಸಹಜ. ಮೊದಲ ವಾರ 14 ಗಂಟೆ, ಆಮೇಲೆ 10, 4, 2 ಗಂಟೆ ಆಡಿದರೆಂದುಕೊಳ್ಳಿ. ಮೊದಲ ವಾರಕ್ಕೇ ಹಿಂದಿರುಗಿಸಿದರೆ ಗಂಟೆಗೆ 1,679 ರೂಪಾಯಿ ಬೀಳುತ್ತದೆ. ಮೂರು ವಾರ ಇಟ್ಟುಕೊಂಡರೆ 28 ಗಂಟೆಗೆ 30,500 ರೂಪಾಯಿ, ಗಂಟೆಗೆ 1,089. ನಾಲ್ಕನೆಯ ವಾರದ ಎರಡು ಗಂಟೆಗಳಾದರೋ ಒಂದೊಂದೂ 1,750 ರೂಪಾಯಿಯದು! ಆ ವಾರವನ್ನು ಸೇರಿಸಿದರೆ ಸರಾಸರಿಯು ಮತ್ತೆ ಏರಿ 1,133 ಆಗುತ್ತದೆ. ಆದುದರಿಂದ ಈ ಲೆಕ್ಕದಲ್ಲಿ ಮೂರು ವಾರಕ್ಕೆ ಯಂತ್ರವನ್ನು ಕಳುಹಿಸಿಬಿಡುವುದೇ ಜಾಣತನ. ಸಾಗಾಣಿಕೆಯ ವೆಚ್ಚವು ಬೇಗ ಹಿಂದಿರುಗಿಸಬೇಡವೆನ್ನುತ್ತದೆ, ಇಳಿಯುವ ಆಸಕ್ತಿಯು ಬಹಳ ದಿನ ಇಡಬೇಡವೆನ್ನುತ್ತದೆ; ಇವೆರಡರ ನಡುವೆ ದಿನಗಳನ್ನು ಗೊತ್ತುಮಾಡಬೇಕು.

ಇದಕ್ಕಿಂತ ಮೇಲಾದ ಉಪಾಯವೊಂದುಂಟು. ರಾಯಚೂರು, ಮಾನ್ವಿ, ದೇವದುರ್ಗಗಳ ಮೂರು ಮನೆಗಳೋ ಶಾಲೆಗಳೋ ಕೂಡಿ, ಒಂದೊಂದು ವಾರ ಯಂತ್ರವನ್ನಿಟ್ಟುಕೊಳ್ಳಲಿ. ಊರಿಂದೂರಿಗೆ ಒಯ್ಯಲು ಇನ್ನೂ 6,000 ರೂಪಾಯಿ ಸೇರಿಸಿದರೂ, ಎಲ್ಲೆಡೆಯೂ ಮೊದಲ ವಾರದ ಹುರುಪೇ ಇರುವುದರಿಂದ 42 ಗಂಟೆಗೆ 36,500. ಗಂಟೆಗೆ 869 ರೂಪಾಯಿ. ಕೊಯ್ಲಿನ ಯಂತ್ರವು ಗದ್ದೆಯಿಂದ ಗದ್ದೆಗೆ ಹೋಗುವ ಬಗೆಯೇ ಇದು.

ಒಬ್ಬನೇ ಮಗನ ಒಂದು ಮನೆಗಾದರೆ ಬಾಡಿಗೆಯು ತಕ್ಕುದಲ್ಲವೆಂದು ನಾವು ಹೇಳುತ್ತೇವೆ. ಅಂಥವನು ಬಡಗಿಯಿಂದ 1 ಮೀಟರಿನ ಹಲಗೆಯನ್ನು ತಂದು, ಮೊಳೆ ಬಡಿದು, ಒಂದು ತುದಿಯನ್ನು 11 ಸೆಂಟಿಮೀಟರು ಎತ್ತರಿಸಿ, ಗೋಲಿಯನ್ನು ಬಿಟ್ಟು ನೋಡಲಿ. ಮೂವರು ಕೂಡಿ ಯಂತ್ರವನ್ನೇ ತರಿಸುವವರು ಕೆಟ್ಟರೆ ಯಾರು ಬರಬೇಕು, ಎಷ್ಟು ದಿನದೊಳಗೆ ಬರಬೇಕು, ಆ ದಿನಗಳ ಬಾಡಿಗೆಯುಂಟೇ ಇಲ್ಲವೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆಯಿಸಿಕೊಳ್ಳಬೇಕು. ಪರದೇಶದ ಯಂತ್ರವಾದರೆ ಅದು ನಮ್ಮ 230 ವೋಲ್ಟಿಗೆ ಹೊಂದಿಸಲ್ಪಟ್ಟಿದೆಯೇ ಎಂದೂ ಕೇಳಬೇಕು. ಇಳಿಸಿದ ಮೇಲೆ ನಾಲ್ಕು ಕಾಲುಗಳ ತಿರುಪುಗಳನ್ನು ತಿರುಗಿಸಿ ಇಳಿಜಾರನ್ನು ಅಳೆದುಕೊಳ್ಳುವುದು ಆಡುವವರ ಕೆಲಸ.