ಯುವಜನರಲ್ಲಿ ಚಿತ್ತವಿಕಲತೆಯ ಅಪಾಯ ಮತ್ತು ಅರಿವಿನ ತರಬೇತಿ



ಹದಿನೇಳರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ನಮ್ಮ ಗ್ರಾಮಗಳ ಮಕ್ಕಳು ಓದಿಗಾಗಿಯೋ ಕೆಲಸಕ್ಕಾಗಿಯೋ ಬೆಂಗಳೂರು ಸೇರುತ್ತಾರೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ವಿದ್ಯಾರ್ಥಿನಿಲಯಗಳಲ್ಲಿ ಅಥವಾ ಬಾಡಿಗೆ ಕೊಠಡಿಗಳಲ್ಲಿ ವಾಸಿಸುತ್ತಾರೆ. ಅವರಲ್ಲಿ ಯಾರಾದರೊಬ್ಬರು ವರ್ಷದ ನಡುವೆಯೇ ಗಂಟುಮೂಟೆ ಕಟ್ಟಿ ಮರಳಿ ಬಂದು ಕೋಣೆಯಿಂದ ಹೊರಬಾರದೆ ಕುಳಿತರೆ, ‘ಓದಿ ಓದಿ ತಲೆ ಕೆಟ್ಟಿತು’, ‘ಗಾಳಿ ಸೋಕಿದೆ’ ಎಂದು ಊರು ತೀರ್ಪು ಕೊಟ್ಟುಬಿಡುತ್ತದೆ. ಚಿತ್ತವಿಕಲತೆ, ಅಂದರೆ ವೈದ್ಯರು ಸೈಕೋಸಿಸ್ ಎಂದು ಕರೆಯುವ ಸ್ಥಿತಿ, ಬಹುಮಟ್ಟಿಗೆ ಇದೇ ವಯಸ್ಸಿನಲ್ಲಿ ತಲೆದೋರುತ್ತದೆ ಎಂಬುದನ್ನು ಸದಸ್ಯರು ಮೊದಲಿಗೆ ಗಮನಿಸಬೇಕು.

ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಸಂಶಯವು ನಂಬಿಕೆಯಾಗಿ ಬೇರೂರುವುದು ಈ ಸ್ಥಿತಿಯ ಮುಖ್ಯ ಲಕ್ಷಣಗಳು. ಅದಕ್ಕೆ ಮುನ್ನ ಅನೇಕರಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಸಣ್ಣ ಬದಲಾವಣೆಗಳು ನಡೆದಿರುತ್ತವೆ. ನಿದ್ರೆ ಕೆಡುತ್ತದೆ, ಅಂಕಗಳು ಕುಸಿಯುತ್ತವೆ, ಗೆಳೆಯರು ಬೇಡವಾಗುತ್ತಾರೆ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಅನುಮಾನ ಬಂದು ಹೋಗುತ್ತದೆ. ಇಂತಹವರನ್ನು ತಜ್ಞರು ‘ಅಪಾಯದ ಅಂಚಿನಲ್ಲಿರುವವರು’ ಎನ್ನುತ್ತಾರೆ. ಇದು ರೋಗದ ಹೆಸರಲ್ಲ. ತಜ್ಞ ಚಿಕಿತ್ಸಾಲಯಗಳಲ್ಲಿ ಹೀಗೆ ಗುರುತಿಸಲ್ಪಟ್ಟ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತ್ರ 3 ವರ್ಷಗಳೊಳಗೆ ಪೂರ್ಣ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ 100 ಜನರಲ್ಲಿ ಸುಮಾರು ಒಬ್ಬರಿಗೆ ಬರುವ ಕಾಯಿಲೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಅದು ಇದ್ದಲ್ಲಿ ಈ ಸಂಖ್ಯೆ 10ರ ಆಸುಪಾಸಿಗೆ ಏರುತ್ತದೆ. ಉಳಿದ 90 ಮಂದಿಗೆ ಅದು ಬರುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಇಡೀ ಮನೆತನವನ್ನೇ ದೂರವಿಡುವವರು ಈ ಲೆಕ್ಕವನ್ನು ಒಮ್ಮೆ ನೋಡುವುದು ಒಳಿತು.

ಈ ಕಾಯಿಲೆಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ನಷ್ಟವಿದೆ. ಅಂಗಡಿಯಿಂದ ತರಲು ಹೇಳಿದ ನಾಲ್ಕು ಸಾಮಾನುಗಳಲ್ಲಿ ಎರಡು ಮರೆತುಹೋಗುತ್ತವೆ. ಕೈಯಲ್ಲಿ ಕೆಲಸ ನಡೆಯುತ್ತಿರುವಾಗ ಯಾರಾದರೂ ಮಾತನಾಡಿಸಿದರೆ ಎರಡೂ ತಪ್ಪುತ್ತವೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ನಂತರ ಮಾಡಬೇಕೆಂಬ ಯೋಜನೆ ಕೂಡಿಬರುವುದಿಲ್ಲ. ಮನೆಯವರು ಇದನ್ನು ಸೋಮಾರಿತನವೆಂದು ಬೈಯುತ್ತಾರೆ. ಔಷಧಿಗಳು ದನಿಗಳನ್ನೂ ಸಂಶಯವನ್ನೂ ತಗ್ಗಿಸುತ್ತವೆಯೇ ಹೊರತು ಗಮನ, ನೆನಪು, ಯೋಜನೆಯ ಈ ಕೊರತೆಯನ್ನು ಅಷ್ಟಾಗಿ ಸರಿಪಡಿಸುವುದಿಲ್ಲ. ಓದು, ಉದ್ಯೋಗಗಳಿಗೆ ಮರಳಲು ಆಗದಿರುವುದಕ್ಕೆ ಇದೇ ಬಹುದೊಡ್ಡ ಕಾರಣ.

ಅರಿವಿನ ತರಬೇತಿ ಹುಟ್ಟಿಕೊಂಡಿದ್ದು ಈ ಕೊರತೆಗಾಗಿ. ಸುಲಭದಿಂದ ಕಠಿಣಕ್ಕೆ ಹಂತಹಂತವಾಗಿ ಏರುವ ಅಭ್ಯಾಸಗಳನ್ನು ಪ್ರತಿದಿನ ಮಾಡಿಸಿ, ಸಮಯವನ್ನೂ ತಪ್ಪುಗಳನ್ನೂ ಬರೆದಿಡುವುದು ಅದರ ಕ್ರಮ. ಬಸವನಗುಡಿಯಿಂದ ಲಾಲ್‌ಬಾಗಿನ ಆಚೆ ಬದಿಗೆ, ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಸಂಸ್ಥೆಯಲ್ಲಿ ರೂಢಿಯಲ್ಲಿರುವ ಅಭ್ಯಾಸಗಳಲ್ಲಿ ಬೆರೆತ ಕಾಳುಗಳನ್ನು ಬೇರ್ಪಡಿಸುವುದೂ ಒಂದು. ಸಾಲುಸಾಲು ಅಕ್ಷರಗಳಲ್ಲಿ ಹೇಳಿದ ಅಕ್ಷರವನ್ನಷ್ಟೇ ಹುಡುಕಿ ಹೊಡೆದುಹಾಕುವುದು ಮತ್ತೊಂದು. ನಮ್ಮ ಅಜ್ಜಿಯರ ಮೊರದ ಕೆಲಸವೇ ಇಲ್ಲಿ ಗಮನದ ಪಾಠವಾಗಿದೆ.

ಮೊದಲ ಬಾರಿಗೆ ಸ್ಕಿಜೋಫ್ರೇನಿಯಾಕ್ಕೆ ಒಳಗಾದವರ ಮೇಲೆ ಇದೇ ಸಂಸ್ಥೆಯ ತಂಡವೊಂದು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. 45 ಮಂದಿಯಲ್ಲಿ 22 ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ 2 ತಿಂಗಳ ಕಾಲ ಮನೆಯಲ್ಲೇ ತರಬೇತಿ ಕೊಡಲಾಯಿತು. ಉಳಿದ 23 ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. ತರಬೇತಿ ಪಡೆದವರಲ್ಲಿ ಏಕಕಾಲಕ್ಕೆ ಎರಡು ಕಡೆ ಗಮನವಿಡುವ ಶಕ್ತಿ, ಯೋಜನಾಶಕ್ತಿ ಮೊದಲಾದವು ಸುಧಾರಿಸಿದವು. ಆದರೆ 6 ತಿಂಗಳ ಕೊನೆಯ ಪರೀಕ್ಷೆಯವರೆಗೆ ಉಳಿದವರು ಕ್ರಮವಾಗಿ 12 ಮತ್ತು 11 ಮಂದಿ ಮಾತ್ರ. ಎಂಜಿನಿಯರಿಂಗ್ ಓದಿದವನಾಗಿ ನಾನು ಇಷ್ಟು ಚಿಕ್ಕ ಮಾದರಿಯ ಮೇಲೆ ದೊಡ್ಡ ಕಟ್ಟಡ ಎಬ್ಬಿಸಲು ಒಪ್ಪಲಾರೆ. ಆದರೂ ಆಸ್ಪತ್ರೆಯಿಂದ ದೂರವಿರುವ ಕುಟುಂಬವೂ ಮನೆಯಲ್ಲೇ ಅಭ್ಯಾಸ ನಡೆಸಬಹುದೆಂಬ ದಾರಿಯನ್ನು ಅದು ತೋರಿಸಿದೆ.

ಇನ್ನು ಅಂಚಿನಲ್ಲಿರುವವರ ವಿಷಯ. ಹೊರದೇಶಗಳಲ್ಲಿ ಕಂಪ್ಯೂಟರ್ ಮೂಲಕ ನಡೆದ ಪ್ರಯೋಗಗಳಲ್ಲಿ ಕೆಲವರ ನೆನಪು, ಗಮನಗಳು ಸ್ವಲ್ಪ ಉತ್ತಮಗೊಂಡಿವೆ. ತರಬೇತಿಯು ಕಾಯಿಲೆ ಬಾರದಂತೆ ತಡೆಯುತ್ತದೆ ಎಂಬುದು ಮಾತ್ರ ಸಾಬೀತಾಗಿಲ್ಲ. ಆದ್ದರಿಂದ ‘ಮೆದುಳಿನ ತರಬೇತಿ’ಯ ತಂತ್ರಾಂಶವನ್ನು ಪಂಚಾಯತಿಗೆ ಮಾರಲು ಯಾರಾದರೂ ಬಂದಲ್ಲಿ ಖರೀದಿಸತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಅರಿವು ಕೇಂದ್ರಗಳ ಹೆಸರಿಗೂ ಈ ತರಬೇತಿಯ ಹೆಸರಿಗೂ ಇರುವ ಸಾಮ್ಯ ಕೇವಲ ಆಕಸ್ಮಿಕ! ತರಬೇತಿಯನ್ನು ತಜ್ಞರು ಪರೀಕ್ಷಿಸಿ, ಚಿಕಿತ್ಸೆಯ ಜೊತೆಯಲ್ಲಿ ಸೂಚಿಸಬೇಕು.

ಪಂಚಾಯತಿಯಿಂದ ಆಗಬಹುದಾದ ಕೆಲಸ ಬೇರೆಯೇ ಇದೆ. ಚಿತ್ತವಿಕಲತೆ ಆರಂಭವಾದ ಬಳಿಕ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ, ತುರುವೇಕೆರೆಯಲ್ಲಿ 2009ರಿಂದ ನಿಮ್ಹಾನ್ಸ್ ವೈದ್ಯರು ಸ್ಥಳೀಯ ಆರೋಗ್ಯ ಸಿಬ್ಬಂದಿಯ ನೆರವಿನಿಂದ ಸ್ಕಿಜೋಫ್ರೇನಿಯಾ ಪೀಡಿತರನ್ನು ಗುರುತಿಸಿ, ಊರಿನಲ್ಲೇ ಚಿಕಿತ್ಸೆ ಮುಂದುವರಿಯುವಂತೆ ಮಾಡಿದ್ದಾರೆ. ನಮ್ಮಲ್ಲಿಯೂ ಆಶಾ ಕಾರ್ಯಕರ್ತೆಯರಿಗೆ ಮೇಲಿನ ಲಕ್ಷಣಗಳ ಪರಿಚಯವಿದ್ದರೆ, ಮಂಗಳವಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ವಿಚಾರಿಸಿ ಕುಟುಂಬವನ್ನು ಕಳುಹಿಸಬಹುದು.

ಆದರೆ ಹೆಸರುಗಳ ಪಟ್ಟಿ ಮಾಡಿ ಗ್ರಾಮಸಭೆಯಲ್ಲಿ ಓದಬಾರದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 23ನೇ ಪ್ರಕರಣವು ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. 95ನೇ ಪ್ರಕರಣದ ಪ್ರಕಾರ ರೋಗಿಯನ್ನು ಸರಪಳಿಯಿಂದ ಕಟ್ಟುವುದು ನಿಷಿದ್ಧ. ದೀರ್ಘಕಾಲ ನರಳಿದವರು ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಅಡಿ ಪ್ರಮಾಣಪತ್ರ ಪಡೆಯಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಬೆಂಗಳೂರಿನಲ್ಲಿರುವ ಮಕ್ಕಳಿಗೆ ತೊಂದರೆ ಕಂಡಲ್ಲಿ ಊರಿಗೆ ಕರೆತಂದು ಹರಕೆ ಹೊರುವ ಮುನ್ನ ನಿಮ್ಹಾನ್ಸ್‌ಗೆ ಕರೆದೊಯ್ಯುವಂತೆ ಪೋಷಕರಿಗೆ ತಿಳಿಸಿರಿ. ಅಲ್ಲಿನ ತುರ್ತು ವಿಭಾಗ ಹಗಲಿರುಳೂ ತೆರೆದಿರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಈ ಸಂಖ್ಯೆಯನ್ನು ಪಂಚಾಯತಿ ಕಚೇರಿ, ಹಾಲಿನ ಡೇರಿ ಹಾಗೂ ಬಸ್ ನಿಲ್ದಾಣದ ಗೋಡೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಲು ಮುಂದಿನ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಳ್ಳಬೇಕಾಗಿ ವಿನಂತಿ.

— ಪಂಚಾಯತಿ ಅಭಿವೃದ್ಧಿ ಅಧಿಕಾರಿ