ಓಡುವ ಮೇಣೆ

ಮನೆ ಕಟ್ಟಿಸುವದು, ಮಕ್ಕಳ ಮದುವೆ ಮಾಡುವದು—ಗೃಹಸ್ಥನ ಗಂಟನ್ನು ಬರಿದುಮಾಡುವ ಕಾರ್ಯಗಳು ಇವೆರಡೇ ಎಂದು ನಮ್ಮ ಹಿರಿಯರು ತಿಳಿದಿದ್ದರು. ಅವರು ಪುಣ್ಯವಂತರು. ಈಗ ಆ ಪಂಕ್ತಿಗೆ ಮೂರನೆಯದೊಂದು ಬಂದು ಕುಳಿತಿದೆ. ಅದೇ ಮೋಟಾರು ಕೊಳ್ಳುವದು. ಅದರಲ್ಲಿಯೂ ಸಾಮಾನ್ಯ ಮೋಟಾರಲ್ಲ. ‘ಸ್ಪೋರ್ಟ್ಸ್ ಸೆಡಾನ್’ ಎಂಬ ಹೆಸರಿನ, ಬೆಲೆಯಲ್ಲಿ ಅರ್ಧ ಕೋಟಿಯ ನೆರೆಗೆ ನಿಂತಿರುವ, ಆದರೂ ವಿಲಾಸದ ಕಾರುಗಳಲ್ಲಿ ಇದು ಮೊದಲನೆಯ ಮೆಟ್ಟಿಲು ಮಾತ್ರವೆಂದು ಅಂಗಡಿಯವರು ವಿನಯದಿಂದ ಹೇಳುವ ಕಾರು. ಇಂಥದೊಂದು 2025ರ ದೀಪಾವಳಿಗೆ ನಮ್ಮ ಮನೆಗೆ ಬಂದಿತು. ಅದು ಬಂದ ಬಗೆಯನ್ನೂ, ಬಂದ ಮೇಲೆ ನಡೆದುದನ್ನೂ ವಾಚಕರ ಮುಂದಿಡುತ್ತೇವೆ. ಇದೇ ಆಸೆಯು ಮೊಳೆತಿರುವ ಮನೆಗಳು ಈ ಪತ್ರಿಕೆಯನ್ನು ಓದುವವರಲ್ಲಿ ಇಲ್ಲದೆ ಇರಲಾರವು.

ನಮ್ಮದು ಬೀದರ ಜಿಲ್ಲೆಯ ಹಳ್ಳಿಖೇಡ (ಬಿ). ಮೂವತ್ತೈದು ವರ್ಷ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತರಾದ ನಮ್ಮ ಸ್ವಂತ ವಾಹನವು ಸೈಕಲ್ಲನ್ನು ಬಿಟ್ಟು ಮೇಲಕ್ಕೆ ಏರಲಿಲ್ಲ. ಚಿರಂಜೀವಿಯು ಕಲಬುರಗಿಯಲ್ಲಿ ವೈದ್ಯನಾಗಿದ್ದಾನೆ, ಸೊಸೆಯೂ ವೈದ್ಯಳೇ. 2025ರ ಜುಲೈ ತಿಂಗಳಲ್ಲಿ ಅವನು ಊರಿಗೆ ಬಂದು, ಊಟವಾದ ಮೇಲೆ, ಅಡಕೆಯನ್ನು ಕತ್ತರಿಸುತ್ತ ಕತ್ತರಿಸುತ್ತ ತನ್ನ ಇಚ್ಛೆಯನ್ನು ಹೇಳಿದನು. ಬ್ಯಾಂಕಿನ ಸಾಲ ಸಿಕ್ಕುವದು. ಕೈಯಿಂದ ಹಾಕಬೇಕಾದುದರಲ್ಲಿ ಎಂಟು ಲಕ್ಷ ಕಡಿಮೆ. ಆ ಎಂಟು ಲಕ್ಷವು ನಮ್ಮ ನಿವೃತ್ತಿಯ ಹಣದಲ್ಲಿತ್ತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿಡಬೇಕೆಂದು ಅದನ್ನು ತೆಗೆದಿರಿಸಿದ್ದೆವು. ಆಗ ಅದಕ್ಕೆ ನೂರಕ್ಕೆ 8.2ರ ಬಡ್ಡಿ, ವರ್ಷಕ್ಕೆ 65,600 ರೂಪಾಯಿ. ನಮ್ಮಿಬ್ಬರ ಔಷಧವೂ ದಿನಸಿಯೂ ಅದರಲ್ಲಿ ನಡೆಯಬೇಕಾಗಿದ್ದವು.

‘ಇಲ್ಲ’ ಎಂಬ ಮಾತು ನಾಲಿಗೆಯ ತುದಿಯ ವರೆಗೆ ಬಂದಿತ್ತು. ಅಷ್ಟರಲ್ಲಿ ಹಳೆಯದೊಂದು ನೆನಪಾಯಿತು. ಅವನು ಏಳನೆಯ ತರಗತಿಯಲ್ಲಿದ್ದಾಗ, ರಾಮಶಬ್ದದ ರೂಪಗಳನ್ನು ಬರೆಯಬೇಕಾಗಿದ್ದ ವಹಿಯಲ್ಲಿ ಜರ್ಮನಿಯ ಕಾರೊಂದರ ಚಿತ್ರವನ್ನು ಅಂಟಿಸಿಕೊಂಡಿದ್ದನು. ನಾವು ಆ ಹಾಳೆಯನ್ನು ಹರಿದು ಒಲೆಗೆ ಹಾಕಿದೆವು. ಅವನು ಅಳಲಿಲ್ಲ, ಮರುದಿನ ಎಲ್ಲ ವಿಭಕ್ತಿಗಳನ್ನೂ ತಪ್ಪಿಲ್ಲದೆ ಒಪ್ಪಿಸಿದನು. ಇಪ್ಪತ್ತು ವರ್ಷಗಳ ಮೇಲೆ ಆ ಹಾಳೆಯ ಬೆಲೆಯು ಎಂಟು ಲಕ್ಷವಾಗಿ ನಿಂತಿತು. “ಕೊಡುತ್ತೇವೆ; ಆದರೆ ಆರಿಸುವಾಗ ನಾವೂ ಬರುತ್ತೇವೆ” ಎಂದೆವು.

ಶಬ್ದವನ್ನು ತಿಳಿಯದೆ ವಸ್ತುವನ್ನು ಕೊಳ್ಳುವದು ನಮ್ಮಂಥವರಿಂದಾಗದು. ಸೆಡಾನ್ ಎಂಬದು 17ನೆಯ ಶತಮಾನದ ಇಂಗ್ಲೆಂಡದಲ್ಲಿ ಇಬ್ಬರು ಆಳುಗಳು ಹೊತ್ತು ನಡೆಯುತ್ತಿದ್ದ ಮುಚ್ಚಿದ ಕುರ್ಚಿಯ ಹೆಸರು. ನಮ್ಮ ಮೇಣೆ, ಸಂಸ್ಕೃತದ ಶಿಬಿಕೆ. ಈಗ ಎಂಜಿನ್ನಿಗೊಂದು, ಜನರಿಗೊಂದು, ಸಾಮಾನಿಗೊಂದು ಎಂದು ಮೂರು ಭಾಗಗಳುಳ್ಳ ಕಾರಿಗೆ ಆ ಹೆಸರು ನಿಂತಿದೆ. ಅದಕ್ಕೆ ‘ಸ್ಪೋರ್ಟ್ಸ್’ ಎಂಬ ವಿಶೇಷಣವನ್ನು ಕೂಡಿಸಿದರೆ ಓಡುವ ಮೇಣೆಯಾಯಿತು. ಕುಟುಂಬದವರು ಕೂಡಬೇಕು, ಆದರೆ ಚಾಲಕನಿಗೆ ಪಂದ್ಯದ ಕುದುರೆಯ ಮೇಲೆ ಕುಳಿತ ಹಿಗ್ಗೂ ಆಗಬೇಕು—ಈ ವಿಚಿತ್ರ ಸಮಾಸವನ್ನು ಮೊದಲು ಜನಪ್ರಿಯಗೊಳಿಸಿದವುಗಳಲ್ಲಿ ಮ್ಯೂನಿಕ್ಕಿನ ಬಿಎಂಡಬ್ಲ್ಯೂ ಕಂಪನಿಯು 1961ರಲ್ಲಿ ಫ್ರಾಂಕಫುರ್ಟಿನ ಪ್ರದರ್ಶನದಲ್ಲಿ ತೋರಿಸಿದ 1500 ಎಂಬ ಕಾರು ಒಂದು. ಅದರ ಸಂತತಿಯಲ್ಲಿ 1975ರಲ್ಲಿ ಚಿಕ್ಕದಾದ 3 ಸೀರೀಸ್ ಹುಟ್ಟಿತು. ದೊಡ್ಡ ಕಾರುಗಳಿಗೆ ಹೆಸರಾದ ಮರ್ಸಿಡಿಸ್ ಕಂಪನಿಯವರೂ 1982ರಲ್ಲಿ 190 ಎಂಬ ಚಿಕ್ಕದನ್ನು ಹೊರಡಿಸಬೇಕಾಯಿತು. ನಮ್ಮ ದೇಶದಲ್ಲಿ ಮರ್ಸಿಡಿಸ್ ಪುಣೆಯಲ್ಲಿ 1995ರಿಂದಲೂ, ಬಿಎಂಡಬ್ಲ್ಯೂ ಚೆನ್ನೈಯ ಬಳಿ 2007ರಿಂದಲೂ ಜೋಡಿಸಲ್ಪಡುತ್ತ ಬಂದಿವೆ.

ನಮ್ಮ ಭಾಗದವರಿಗೆ ಈ ಚಿಕ್ಕದು-ದೊಡ್ಡದರ ವಿವರಣೆಯೇ ಬೇಕಾಗಿಲ್ಲ. ನಮ್ಮ ಊರಿನ ಹೆಸರಿನ ಮುಂದಿರುವ ‘ಬಿ’ ಎಂದರೆ ಫಾರಸಿಯ ಬುಜುರ್ಗ್, ಹಿರಿಯದು. ‘ಕೆ’ ಎಂದಿದ್ದರೆ ಖುರ್ದ್, ಕಿರಿಯದು. ನಿಜಾಮರ ಸೀಮೆಯ ದಫ್ತರಗಳು ಬಿಟ್ಟುಹೋದ ಗುರುತು ಇದು. ಹೀಗೆ ಹಳ್ಳಿಖೇಡ ಬುಜುರ್ಗಿಗೆ ಬರಬೇಕಾದುದು ವಿಲಾಸದ ಖುರ್ದ್ ಎಂದು ನಾವು ಹೇಳಿದಾಗ ಚಿರಂಜೀವಿಯು ನಕ್ಕನು, ಸೊಸೆಯು ನಗಲಿಲ್ಲ.

ಅವನು ತಂದ ಪತ್ರಕಗಳನ್ನು ಉತ್ತರಪತ್ರಿಕೆಗಳಂತೆ ಓದಿದೆವು. 2025ರ ಜುಲೈಯಲ್ಲಿ ಬಂದ ಬಿಎಂಡಬ್ಲ್ಯೂ 2 ಸೀರೀಸ್ ಗ್ರಾನ್ ಕೂಪೆಯ ಬೆಲೆಯು ಅಂಗಡಿಯಲ್ಲಿ 46 ಲಕ್ಷ 90 ಸಾವಿರದಿಂದ ಆರಂಭವಾಗಿತ್ತು. ಒಂದೂವರೆ ಲೀಟರಿನ ಎಂಜಿನ್ನು, 156 ಅಶ್ವಶಕ್ತಿ. ನಿಂತಲ್ಲಿಂದ ತಾಸಿಗೆ 100 ಕಿಲೋಮೀಟರಿನ ವೇಗಕ್ಕೆ 8.6 ಸೆಕೆಂಡು. ಅದೇ ಅಕ್ಟೋಬರದಲ್ಲಿ ನೂರೇ ನೂರು ಕಾರುಗಳನ್ನು ಹೊರದೇಶದಿಂದ ತರಿಸಿ ಮಾರಿದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ಸಿಗೆ 49 ಲಕ್ಷ 99 ಸಾವಿರ. ಅದು ಅದೇ ವೇಗವನ್ನು 6.4 ಸೆಕೆಂಡಿನಲ್ಲಿ ಮುಟ್ಟುವದು. ಅಂದರೆ ಎರಡು ಸೆಕೆಂಡಿಗೆ ಮೂರು ಲಕ್ಷ! ಮೂವತ್ತೈದು ವರ್ಷದ ಸೇವೆಯಲ್ಲಿ ನಮ್ಮ ಯಾವ ಎರಡು ಸೆಕೆಂಡಿಗೂ ಯಾರೂ ಇಷ್ಟು ಬೆಲೆ ಕಟ್ಟಿದ್ದಿಲ್ಲ. ಕಡೆಗೆ ಕೊಂಡುದು ಯಾವ ಕಾರೆಂಬದನ್ನು ಇಲ್ಲಿ ಹೇಳೆವು. ಹೇಳಿದರೆ ಅರ್ಧ ಜನ ಜಾಹೀರಾತೆಂದಾರು, ಇನ್ನರ್ಧ ಜನ ಚಾಡಿಯೆಂದಾರು.

ಆದರೆ ಅಂಗಡಿಯ ಬೆಲೆಯು ಬೆಲೆಯಲ್ಲ. ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆಯು ನೂರಕ್ಕೆ 18. ಅದರ ಮೇಲೆ ಉಪಕರ. 47 ಲಕ್ಷದ ಕಾರಿಗೆ ಉಪಕರವನ್ನು ಬಿಟ್ಟು ತೆರಿಗೆಯೊಂದೇ ಎಂಟೂವರೆ ಲಕ್ಷದ ಸುಮಾರಿಗೆ ಹೋಗುವದು. ವಿಮೆ ಬೇರೆ. ಆ ವಿಮೆಯವರ ಲೆಕ್ಕದಲ್ಲಿಯೇ ಕಾರಿನ ಬೆಲೆಯು ಮೊದಲನೆಯ ವರ್ಷ ತುಂಬುವಷ್ಟರಲ್ಲಿ ನೂರಕ್ಕೆ 15, ಐದನೆಯ ವರ್ಷದ ಕೊನೆಗೆ 50ರಷ್ಟು ಇಳಿದಿರುವದು. ಹೊಲವನ್ನು ಕೊಂಡವನು ಐದು ವರ್ಷ ಸುಮ್ಮನೆ ಕುಳಿತರೂ ಹೀಗೆ ಅರ್ಧವಾಗುವದಿಲ್ಲ. ಇದನ್ನು ಹೇಳಿದಾಗ ಚಿರಂಜೀವಿಯು, “ಹೊಲವನ್ನು ಹತ್ತಿ ಊರಿಗೆ ಬರಲಿಕ್ಕಾಗುವದಿಲ್ಲ” ಎಂದನು.

ಕೊಳ್ಳುವ ದಿನದ ವಿಷಯದಲ್ಲಿ ಮಾತ್ರ ಗೆದ್ದವಳು ನಮ್ಮ ಗೃಹಿಣಿ. ಅವನು ಸಪ್ಟಂಬರದ ಎರಡನೆಯ ವಾರವೇ ಹಣ ಕಟ್ಟಬೇಕೆಂದಿದ್ದನು. “ಪಿತೃಪಕ್ಷದಲ್ಲಿ ಗಾಡಿ ಬೇಡ” ಎಂದು ಅವಳು ಹಟ ಹಿಡಿದಳು. ನಾಲ್ಕು ಮೀಟರಿಗಿಂತ ಉದ್ದವಾದ ಇಂಥ ಸೆಡಾನುಗಳಿಗೆ ಆ ವರೆಗೆ ಎಂಜಿನ್ನಿನ ಗಾತ್ರವನ್ನು ನೋಡಿ ನೂರಕ್ಕೆ 45 ಇಲ್ಲವೆ 48ರಂತೆ ಜಿಎಸ್‌ಟಿಯೂ ಸೆಸ್ಸೂ ಕೂಡಿ ಬೀಳುತ್ತಿದ್ದವು. 2025ರ ಸಪ್ಟಂಬರ 21ಕ್ಕೆ ಮಹಾಲಯದ ಅಮಾವಾಸ್ಯೆ. ಮರುದಿನ, ನವರಾತ್ರಿಯ ಪ್ರತಿಪದೆಯಂದೇ, ಅದು 40ಕ್ಕೆ ಇಳಿಯಿತು. ಸರಕಾರದವರು ಆ ದಿನವನ್ನು ಆರಿಸಿದ್ದರಲ್ಲಿ ಪಂಚಾಂಗದ ಪಾಲೆಷ್ಟಿತ್ತೋ ನಾವರಿಯೆವು. ನಮ್ಮ ಮನೆಯಲ್ಲಿ ಮಾತ್ರ ಎಲ್ಲ ಪುಣ್ಯವೂ ಗೃಹಿಣಿಯ ಲೆಕ್ಕಕ್ಕೆ ಜಮೆಯಾಗಿದೆ.

ಪರೀಕ್ಷೆಯ ಸವಾರಿಗೆ ಹೈದರಾಬಾದಕ್ಕೆ ಹೋದೆವು. ವಾಚಕರಿಗೆ ನಮ್ಮ ಅನುಭವದ ಒಂದು ಸೂಚನೆ: ಇಂಥ ಕಾರನ್ನು ನೋಡಲು ಹೋಗುವಾಗ ಮನೆಯಲ್ಲಿ ಮೊಣಕಾಲು ನೋಯುವವರು ಯಾರೋ ಅವರನ್ನು ಮೊದಲು ಕರೆದುಕೊಂಡು ಹೋಗಬೇಕು. ತರುಣರು ಮುಂದಿನ ಸೀಟಿನಲ್ಲಿ ಕುಳಿತು ಎಂಜಿನ್ನನ್ನು ಪರೀಕ್ಷಿಸುವರು. ಕಾರಿನ ನಿಜವಾದ ಪರೀಕ್ಷೆಯು ಹಿಂದಿನ ಬಾಗಿಲಿನಲ್ಲಿ ನಡೆಯುವದು. ವೇಗಕ್ಕಾಗಿ ಕಾರನ್ನು ನೆಲಕ್ಕೆ ತಗ್ಗಿಸಿರುತ್ತಾರೆ, ಅಂದಕ್ಕಾಗಿ ಹಿಂದಿನ ಮಾಡನ್ನು ಇಳಿಜಾರು ಮಾಡಿರುತ್ತಾರೆ. ಮೊದಲು ನೋಡಿದ ಕಾರಿನಲ್ಲಿ ನಮ್ಮ ಗೃಹಿಣಿಯು ತಲೆ ಬಾಗಿಸಿ, ಸೊಂಟ ತಿರುಗಿಸಿ ಒಳಗೆ ಹೋದಳು; ಹೊರಗೆ ಬರುವಾಗ ಇಬ್ಬರು ಕೈ ಹಿಡಿಯಬೇಕಾಯಿತು. ಎರಡನೆಯದರ ಸೀಟನ್ನು ನಾವು ಅಳೆದೆವು. ಮನೆಯ ಕುರ್ಚಿಗಿಂತ ಎರಡು ಬೆರಳು ಮಾತ್ರ ತಗ್ಗಾಗಿತ್ತು, ಬಾಗಿಲೂ ಅಗಲವಾಗಿತ್ತು. ಅಂಗಡಿಯ ಹುಡುಗನು ನಮ್ಮ ಅಳತೆಪಟ್ಟಿಯನ್ನು ನೋಡಿ ಮುಗುಳ್ನಕ್ಕನು. ನಗಲಿ. ಆಯ್ಕೆಯು ಅಲ್ಲಿಯೇ ಮುಗಿದಿತ್ತು.

ನಾವು ಇನ್ನೊಂದನ್ನೂ ಅಳೆದಿದ್ದೆವು. ಅದು ನಮ್ಮ ಓಣಿಯ ಬಾಯಲ್ಲಿರುವ ದಿಬ್ಬ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರ ಪ್ರಕಾರ ವೇಗತಡೆಯ ಉಬ್ಬು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರತಕ್ಕದ್ದು. ಅಷ್ಟು ಅಗಲವಾಗಿದ್ದರೆ ಕಾರಿನ ಮುಂದಿನ ಹಿಂದಿನ ಗಾಲಿಗಳೆರಡೂ ಒಟ್ಟಿಗೆ ಅದರ ಮೇಲೆ ಏರಿ ಹೊಟ್ಟೆಯು ಪಾರಾಗುವದು. ನಮ್ಮ ಓಣಿಯದನ್ನು ಕಟ್ಟಿದವರು ಊರವರೇ. ಅಗಲ ಒಂದು ಮೊಳ, ಎತ್ತರ ಆರು ಇಂಚು. ಮುಂದಿನ ಗಾಲಿಗಳು ಇಳಿದೊಡನೆ ಅದರ ಶಿಖರವು ಸರಿಯಾಗಿ ಕಾರಿನ ಹೊಟ್ಟೆಯ ಕೆಳಗೆ ಬಂದು ನಿಲ್ಲುವದು. ಕಾರಿಗೂ ನೆಲಕ್ಕೂ ಇರುವ ಅಂತರ ಐದೂವರೆ ಇಂಚು. ನಾಲ್ವರು ಕುಳಿತರೆ ಇನ್ನೂ ಕಡಿಮೆ. ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದರೂ ಚಿರಂಜೀವಿಯು ಕೇಳಲಿಲ್ಲ. ದೀಪಾವಳಿಯ ದಿನ ಆರತಿಗೆ ನಿಂತ ಓಣಿಯವರೆಲ್ಲರ ಎದುರಿಗೆ ಕಾರಿನ ಹೊಟ್ಟೆಯು ಕೆರೆದ ಸದ್ದಾಯಿತು. ಅಂದಿನಿಂದ, ದಿಬ್ಬದ ಹತ್ತಿರ ನಾವೆಲ್ಲರೂ ಇಳಿಯುತ್ತೇವೆ. ಅವನು ಕಾರನ್ನು ಓರೆಯಾಗಿಸಿ ಒಂದೊಂದೇ ಗಾಲಿಯನ್ನು ದಾಟಿಸುತ್ತಾನೆ. ಮೇಣೆಯು ಮುಂದೆ, ಮೇಣೆಯವರು ಹಿಂದೆ ನಡೆದು ಮನೆಗೆ ಬರುತ್ತೇವೆ.

ಟಾಯರುಗಳ ಮಾತನ್ನೂ ಕೇಳಿ ತಿಳಿದುಕೊಂಡಿರಬೇಕು. 225/45 ಆರ್ 17 ಎಂದು ಬರೆದಿದ್ದರೆ ಅಗಲ 225 ಮಿಲಿಮೀಟರು, ಪಕ್ಕದ ರಬ್ಬರಿನ ಎತ್ತರ ಅದರ ನೂರಕ್ಕೆ 45, ಅಂದರೆ ನಾಲ್ಕೇ ಇಂಚು. ತಗ್ಗಿನಲ್ಲಿ ಬಿದ್ದರೆ ಪೆಟ್ಟು ನೇರವಾಗಿ ಲೋಹದ ಚಕ್ರಕ್ಕೆ. ಇಂಥ ಅನೇಕ ಕಾರುಗಳಲ್ಲಿ ಬದಲಿ ಗಾಲಿಯೇ ಇರುವದಿಲ್ಲ. ಗಾಳಿ ಹೋದರೂ ತಾಸಿಗೆ 80ನ್ನು ಮೀರದೆ ಸುಮಾರು 80 ಕಿಲೋಮೀಟರು ಓಡಬಲ್ಲ ಗಟ್ಟಿ ಟಾಯರುಗಳನ್ನು ಕೊಡುತ್ತಾರೆ. ನಮ್ಮ ಕಾರಿನ ದುರಸ್ತಿಶಾಲೆಯು ಕಲಬುರಗಿಯಿಂದ ಇನ್ನೂರು ಕಿಲೋಮೀಟರು ಮಿಕ್ಕಿದ ಹೈದರಾಬಾದದಲ್ಲಿದೆ. ಎಣ್ಣೆ ಬದಲಿಸುವದೆಂದರೆ ಒಂದು ಇಡೀ ದಿನ. ಸಂಸ್ಕೃತದಲ್ಲಿ ಎಣ್ಣೆಗೂ ಪ್ರೀತಿಗೂ ಸ್ನೇಹವೆಂದೇ ಹೆಸರು. ಹೈದರಾಬಾದದವರು ಕೊಟ್ಟ ಚೀಟಿಯನ್ನು ನೋಡಿದರೆ ಎರಡೂ ಇಷ್ಟು ತುಟ್ಟಿಯಾಗಬಾರದೆನಿಸುವದು.

ಇಷ್ಟೆಲ್ಲ ತಿಳಿದುಕೊಂಡವರಿಗೆ ತಿಳಿಯದೆ ಉಳಿದುದು ಬೇರೊಂದಿತ್ತು. ಮುಂದಿನ ಸಂಕ್ರಾಂತಿಗೆ ಕಲಬುರಗಿಯಿಂದ ಎಲ್ಲರೂ ಕೂಡಿ ಊರಿಗೆ ಬರುತ್ತಿದ್ದೆವು. ಹುಮನಾಬಾದ ದಾಟಿ ಬೀದರದ ರಸ್ತೆಗೆ ತಿರುಗಿದಾಗ ಕತ್ತಲಾಗಿತ್ತು. ಗೃಹಿಣಿಯ ತೊಡೆಯ ಮೇಲೆ ಕುಸುರೆಳ್ಳಿನ ಡಬ್ಬಿ. ಕಾರಿನಲ್ಲಿ ಸದ್ದೆಂಬದಿಲ್ಲ, ನಡುನಡುವೆ ಒಂದು ಮಧುರವಾದ ಗಂಟೆಯ ನಾದ ಮಾತ್ರ ಕೇಳುತ್ತಿತ್ತು. ಗಡಿಯಾರವಿರಬೇಕೆಂದು ನಾವು ತಿಳಿದಿದ್ದೆವು. ಎದುರಿಗೆ ಲಾರಿಯೊಂದರ ಬೆಳಕು ಕಣ್ಣಿಗೆ ಹೊಡೆಯಿತು. ಅದು ದಾಟಿತೆನ್ನುವಷ್ಟರಲ್ಲಿ ನಮ್ಮ ಮುಂದೆಯೇ ಒಂದು ಕರಿಯ ಗೋಡೆ! ಎರಡು ಟ್ರೇಲರು ಕಟ್ಟಿಕೊಂಡು ಕಬ್ಬಿನ ಟ್ರ್ಯಾಕ್ಟರು ಹೋಗುತ್ತಿತ್ತು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಚಿರಂಜೀವಿಯು ಬ್ರೇಕನ್ನು ಪೂರ್ತಿಯಾಗಿ ಅದುಮಿದನು. ಪಟ್ಟಿಯು ಎದೆಗೆ ಕಚ್ಚಿತು. ಕಾರು ಎಡಬಲಕ್ಕೆ ಒಂದು ಬೆರಳೂ ಸರಿಯದೆ ನಿಂತಿತು. ಕಬ್ಬಿನ ತುದಿಗಳು ಗಾಜಿಗೆ ಒಂದು ಮಾರು ದೂರದಲ್ಲಿ ತೂಗುತ್ತ ಮುಂದೆ ಹೋದವು. ಕುಸುರೆಳ್ಳು ಕಾರಿನ ತುಂಬ ಚೆಲ್ಲಿತ್ತು.

ಬಹಳ ಹೊತ್ತಿನ ಮೇಲೆ ನಾವು ಕೇಳಿದೆವು, “ಎಷ್ಟು ವೇಗವಿತ್ತು?”

“ನೂರಾ ಎರಡು.”

ನಾವು ಅರವತ್ತೆಂದು ತಿಳಿದಿದ್ದೆವು. ತನಗೂ ಅಷ್ಟೆಂದು ಗೊತ್ತಾಗಲಿಲ್ಲವೆಂದು ಅವನು ಹೇಳಿದನು, ಅವನು ಸುಳ್ಳಾಡುವವನಲ್ಲ. ಅಂಥ ರಸ್ತೆಯ ಮೇಲೆ 2018ರ ನಿಯಮದಂತೆ ಕಾರಿಗೆ ಮಿತಿಯು 70. ನೂರಾ ಎರಡರಲ್ಲಿ ಒಂದು ಸೆಕೆಂಡಿಗೆ 28 ಮೀಟರು ಸಾಗುವದು. ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿಯೇ ಅಷ್ಟು ನೆಲ ಹೋಯಿತು. ವೇಗವು ಎಪ್ಪತ್ತರಿಂದ ನೂರಾ ಎರಡಕ್ಕೆ ಏರಿದರೆ, ತಡೆಯಬೇಕಾದ ಶಕ್ತಿಯು ವರ್ಗದ ಲೆಕ್ಕದಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗುವದು. ಮತ್ತೆ ಆ ಮಧುರವಾದ ಗಂಟೆ? 2019ರ ಜುಲೈಯಿಂದ ಎಲ್ಲ ಹೊಸ ಕಾರುಗಳಲ್ಲಿಯೂ ಕಡ್ಡಾಯವಾದ ಎಚ್ಚರಿಕೆ ಅದು. 80 ಮೀರಿದರೆ ನಿಮಿಷಕ್ಕೊಮ್ಮೆ ಬಾರಿಸುವದು.

ಎಂಟು ಲಕ್ಷ ಕೊಟ್ಟುದು ಆ ಬ್ರೇಕಿನಿಂದ ಸಾರ್ಥಕವಾಯಿತೆಂದು ಗೆಳೆಯರು ಹೇಳುತ್ತಾರೆ. ನಾವೂ ಮೊದಲೆರಡು ದಿನ ಹಾಗೆಯೇ ಅಂದುಕೊಂಡೆವು. ಆದರೆ ಅವನ ಹಳೆಯ ಚಿಕ್ಕ ಕಾರು ಎಪ್ಪತ್ತಕ್ಕೇ ಬಾಗಿಲು ಕಿಟಕಿಗಳನ್ನೆಲ್ಲ ನಡುಗಿಸಿ ಕೂಗಿಕೊಳ್ಳುತ್ತಿತ್ತು. ಅದು ಇಷ್ಟು ಬೇಗ ನಿಲ್ಲಲಾರದು, ನಿಜ. ಆ ರಾತ್ರಿ ಆ ರಸ್ತೆಯಲ್ಲಿ ನೂರಾ ಎರಡರಲ್ಲಿ ಹೋಗುತ್ತಲೂ ಇರಲಿಲ್ಲ. ಹೊಸದು ನಮ್ಮನ್ನು ಉಳಿಸಿತು. ಆ ಗೋಡೆಯ ಎದುರಿಗೆ ಆ ವೇಗದಲ್ಲಿ ತಂದು ನಿಲ್ಲಿಸಿದುದೂ ಅದೇ. ಸದ್ದಿಲ್ಲದಿರುವದಕ್ಕೇ ಹೆಚ್ಚಿನ ಹಣ ಕೊಟ್ಟು ತಂದಿದ್ದೆವಲ್ಲ!

ಮರುದಿನ ಹಬ್ಬ. ಚಿರಂಜೀವಿಯು ಬೆಳಿಗ್ಗೆಯೇ ಹುಮನಾಬಾದಕ್ಕೆ ಹೋಗಿ ಕೆಂಪು ಹೊಳೆಯುವ ಪಟ್ಟಿಯ ಎರಡು ಸುರುಳಿಗಳನ್ನು ತಂದು, ಓಣಿಯಲ್ಲಿದ್ದ ನಾಲ್ಕು ಟ್ರೇಲರುಗಳ ಬೆನ್ನಿಗೆ ತಾನೇ ಅಂಟಿಸಿದನು. ಗೃಹಿಣಿಯು ಹಿಂದಿನ ಸೀಟಿನಲ್ಲಿ ತನ್ನ ಜಾಗವನ್ನು ಎಡಕ್ಕೆ ಬದಲಿಸಿಕೊಂಡಳು. ಅಲ್ಲಿಂದ ಚಾಲಕನ ಮುಂದಿನ ಅಂಕಿಗಳು ಅರೆಬರೆಯಾಗಿ ಕಾಣಿಸುವವು. ಕನ್ನಡಕವನ್ನು ಮರೆತ ದಿನ ಅದೂ ಕಾಣಿಸುವದಿಲ್ಲ. ಆದ್ದರಿಂದ ಹುಮನಾಬಾದ ದಾಟಿದೊಡನೆ ಅವಳು ಕೇಳಲಾರಂಭಿಸುವಳು:

“ಎಷ್ಟದ?”

“ಅರವತ್ತೈದದ, ಅವ್ವಾ.”

ಊರು ಬರುವ ವರೆಗೆ ಇದು ನಡೆದಿರುವದು. ದಿಬ್ಬ ಬಂದೊಡನೆ ಎಲ್ಲರೂ ಇಳಿಯುತ್ತೇವೆ.